ಮರ ಹತ್ತೀನಿ ಕನ್ರವ್ವೋ!

ಮೈಗೆ ಹರಳೆಣ್ಣೆ ಮೆತ್ತಿಕೊಂಡು ಬಿಸಿಲು ಕಾಯುತ್ತಿರುವ ಗಂಡಸಿಗಿಂತ ನಿರುಪದ್ರವಿ ಜೀವಿ ನಮ್ಮ ಹರವೆ ಹೋಬಳಿಯಲ್ಲಿ ಇನ್ನೊಂದಿಲ್ಲ. ಅವನು ಯಾರ ತಂಟೆಗೂ ಹೋಗಲಾರ. ಹೋದರೂ ಯಾರೂ ಹತ್ತಿರ ಸೇರಿಸುವುದಿಲ್ಲ. ಕಣ್ಣಿಗೆ ಎಣ್ಣೆ ಇಳಿದು ಎದುರಿನ ತೆಂಗಿನಮರ ಎರಡೆರಡಾಗಿ ಕಾಣುತ್ತಿರುತ್ತದೆ. ಸೊಂಟದಲ್ಲೊಂದು ಟವೆಲ್ಲು, ಅದು ಕೊಂಡಾಗ ಯಾವ ಬಣ್ಣದ್ದಿತ್ತೆಂಬುದು ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗದ ವಿಷಯ. ಹಂಡೆಯ ನೀರು ಕಾಯುವವರೆಗೆ ತಾರಸಿಯ ಮೇಲೆ ಹೀಗೆ ಕೂತಿರುವುದು, ಮಂಡಿ ನೀವಿಕೊಳ್ಳುವುದು, ಬೋಳು ನೆತ್ತಿಯನ್ನು ತಪತಪ ತಟ್ಟಿಕೊಳ್ಳುವುದು, ಯಾರಿಗೂ ಕೇಳಿಸಬಾರದ ರಾಗದಲ್ಲಿ ಹಾಡೊಂದನ್ನು ಗುನುಗುವುದು. ನಿವೃತ್ತ ಮೇಷ್ಟರಿಗೆ ಸರ್ಕಾರ ಕೊಡದೆಯೂ ದಕ್ಕಿದ ಸೌಲಭ್ಯಗಳಲ್ಲಿ ಇದೇ ದೊಡ್ಡದು.

ಅಂಥದೊಂದು ಭಾನುವಾರ ನೆತ್ತಿಯ ಮೇಲೆ ಗುಂಯ್ ಎಂದಿತು. ಜೇನೆದ್ದಿತು ಎಂದುಕೊಂಡೆ. ಟವೆಲ್ಲು ಬಿಚ್ಚಿ ತಲೆಗೆ ಮುಸುಕು ಹಾಕಿಕೊಳ್ಳಲು ಕೈ ಹೋಗಿಯೇಬಿಟ್ಟಿತ್ತು. ದೇವರು ದೊಡ್ಡವನು, ಅಷ್ಟರಲ್ಲಿ ಹಿತ್ತಲಿನಿಂದ ಹೆಂಡತಿ ಕೂಗಿದಳು: "ಜೇನಲ್ಲ ಕನ್ರೀ, ಕ್ಯಾಮೆರಾ! ಒಳೀಕ್ ಬನ್ನಿ ಅಂದ್ರ!" ತಲೆಯೆತ್ತಿ ನೋಡಿದರೆ ಬೂದು ಬಣ್ಣದ ಯಂತ್ರವೊಂದು ಆಳೆತ್ತರದ ಎರಡರಷ್ಟು ಮೇಲೆ ನಿಂತಲ್ಲೇ ನಿಂತಿದೆ. ಒಂದು ಕಡೆ ಕೆಂಪು ದೀಪ, ಒಂದು ಕಡೆ ಹಸಿರು ದೀಪ, ಹೊಟ್ಟೆಯಡಿಯಲ್ಲಿ ಗೋಲಿಯಷ್ಟು ಕಣ್ಣು. ಅದು ನನ್ನನ್ನು ನೋಡಿತು. ನಾನು ಅದನ್ನು ನೋಡಿದೆ. ಏನು ಮಾಡಬೇಕೆಂದು ತೋಚದೆ ಕೈ ಮುಗಿದೆ. ಮೂವತ್ತು ಚಿಲ್ಲರೆ ವರ್ಷ ಇನ್‌ಸ್ಪೆಕ್ಟರುಗಳಿಗೆ ಕೈ ಮುಗಿದ ಅಭ್ಯಾಸಬಲ.

ಪಕ್ಕದ ಬೀದಿಯಲ್ಲಿ ಅಂದು ಗೃಹಪ್ರವೇಶ. ಫೋಟೋ ತೆಗೆಯುವವನು ನನ್ನ ಹಳೆಯ ಶಿಷ್ಯನೇ. ಸಂಜೆಯ ಹೊತ್ತಿಗೆ ಊರಿನ ಎಲ್ಲ ಮೊಬೈಲುಗಳಲ್ಲೂ ವಿಡಿಯೋ ಓಡಾಡುತ್ತಿತ್ತು. ತೆಂಗಿನ ತೋಟ, ಬಾಳೆ ತೋಟ, ದೇವಸ್ಥಾನದ ಗೋಪುರ, ಆಮೇಲೆ ನಾನು. ಎಣ್ಣೆಯಲ್ಲಿ ಮಿರಮಿರ ಮಿಂಚುತ್ತ, ಆಕಾಶದ ಕಡೆ ಮುಖ ಮಾಡಿ, ಎರಡೂ ಕೈ ಜೋಡಿಸಿ ನಿಂತಿದ್ದೇನೆ. ಶಿಷ್ಯ ಸದುಪಯೋಗ ಮಾಡಿಕೊಂಡಿದ್ದ. ನನ್ನ ಎದೆಯ ಮೇಲೆ ಬಂಗಾರದ ಅಕ್ಷರದಲ್ಲಿ 'ಸರ್ವರಿಗೂ ಸುಸ್ವಾಗತ' ಎಂದು ಬರುತ್ತಿತ್ತು. ಮಾರನೆಯ ದಿನ ಟೀ ಅಂಗಡಿಗೆ ಹೋದರೆ, "ಮೇಷ್ಟ್ರೆ, ಟವಲ್ಲು ಬಲು ಪಸಂದಾಗಿ ಬಂದದ ಕನಿ" ಎಂದರು. ಬಣ್ಣ ಯಾವುದೆಂದು ನಾನು ಕೇಳಲಿಲ್ಲ.

ಹೆಂಡತಿ ಇದನ್ನು ನಗುತ್ತ ಮರೆತಳು. ನಾನು ಮರೆಯಲಿಲ್ಲ. ಮೈ ಉರಿಯುತ್ತಿತ್ತು. ಆದರೆ ಯಾಕೆ ಉರಿಯುತ್ತಿದೆ ಎಂದು ಕೇಳಿದರೆ ನೆಟ್ಟಗೆ ಉತ್ತರ ಕೊಡಲು ಆಗುತ್ತಿರಲಿಲ್ಲ. ನಮ್ಮಂಥ ಊರಿನಲ್ಲಿ ಯಾರದು ಯಾರಿಗೆ ಗೊತ್ತಿಲ್ಲ? ನಮ್ಮ ದೊಡ್ಡವ್ವ ಬೆಳಿಗ್ಗೆ ಕಸಮುಸುರೆ ಮುಗಿಸಿ ಜಗಲಿಯ ಕಂಬಕ್ಕೆ ಒರಗಿ ಕೂತಳೆಂದರೆ ಬೀದಿಯಲ್ಲಿ ಒಂದು ನೊಣ ಹಾದರೂ ಅದಕ್ಕೆ ಲೆಕ್ಕ ಒಪ್ಪಿಸಬೇಕು. ಕೈಚೀಲದ ಉಬ್ಬು ನೋಡಿ ಒಳಗಿರುವುದು ಬದನೆಕಾಯೋ ಕೋಳಿಯೋ ಎಂದು ಹೇಳಬಲ್ಲಳು. ನನ್ನ ಪಿಂಚಣಿ ಎಷ್ಟು, ಮಗ ಬೆಂಗಳೂರಿನಿಂದ ಎಷ್ಟು ಕಳಿಸುತ್ತಾನೆ, ಯಾವ ತಿಂಗಳು ಕಳಿಸಲಿಲ್ಲ, ಎಲ್ಲ ಬಲ್ಲಳು. ಅವಳ ಕಣ್ಣ ಕೆಳಗೆ ಇಷ್ಟು ವರ್ಷ ಬದುಕಿದವನಿಗೆ ಗೋಲಿಯಷ್ಟು ಕಣ್ಣೊಂದು ನೋಡಿತೆಂದು ಮಾನ ಹೋಯಿತೇ?

ಆದರೆ ದೊಡ್ಡವ್ವ ಪುಕ್ಕಟೆ ನೋಡುವವಳಲ್ಲ. ನೋಡಿದ ಮೇಲೆ ಮಾತಾಡಿಸಬೇಕು, ಅದು ಅವಳು ಕಟ್ಟುವ ಸುಂಕ. "ಯಾವೂರ್ಗ ಹೊಂಟ್ಯಪ್ಪ? ಉಂಡ್ಯಾ? ಅದ್ಯಾಕ ಕುಂಟ್ತಿದ್ದೈ?" ಅವಳು ನನ್ನನ್ನು ನೋಡುವಾಗ ನಾನೂ ಅವಳನ್ನು ನೋಡುತ್ತೇನೆ: ಬೊಚ್ಚು ಬಾಯಿ, ಎಲೆಯಡಿಕೆ ಕುಟ್ಟುವ ಒರಳು, ಮೊಮ್ಮಗಳಿಂದ ಹೇನು ಹೆಕ್ಕಿಸಿಕೊಳ್ಳುವಾಗಿನ ಆ ಪರಮಾನಂದ. ಲೆಕ್ಕ ಚುಕ್ತಾ. ತಾರಸಿಯ ಮೇಲೆ ಬಂದದ್ದು ಉಂಡ್ಯಾ ಎಂದು ಕೇಳಲಿಲ್ಲ. ಅದರ ಹಿಂದೆ ಯಾರಿದ್ದಾರೆ, ಬಾಯಲ್ಲಿ ಗುಟ್ಕಾ ಇದೆಯೋ ಮುಖದಲ್ಲಿ ನಗು ಇದೆಯೋ ಕಾಣಲಿಲ್ಲ.

ಎತ್ತರಕ್ಕೆ ಹತ್ತುವವರು ನಮ್ಮೂರಿನಲ್ಲಿ ಮುಂಚೆಯೂ ಇದ್ದರು. ನಾನು ಹುಡುಗನಾಗಿದ್ದಾಗ ಬಚ್ಚಲುಮನೆ ಎಂದರೆ ಹಿತ್ತಲಿನಲ್ಲಿ ಮೂರು ಕಡೆ ಮೋಟುಗೋಡೆ, ಒಂದು ಕಡೆ ತೆಂಗಿನ ಗರಿಯ ತಡಿಕೆ. ಮೇಲೆ ಆಕಾಶ. ಆಕಾಶದಲ್ಲಿ ಕಾಗೆ, ಹದ್ದು, ಆಗೀಗ ದೇವರು, ಇಷ್ಟೇ ತಾನೆ ಓಡಾಡುತ್ತಿದ್ದುದು, ಸೂರು ಯಾಕೆ ಬೇಕು? ತೊಂದರೆ ಇದ್ದದ್ದು ಒಬ್ಬನಿಂದ ಮಾತ್ರ, ತೆಂಗಿನಕಾಯಿ ಕೀಳುವವನಿಂದ. ಅವನು ಮರದ ನೆತ್ತಿಗೆ ಹೋದರೆ ಎಂಟು ಹಿತ್ತಲು ಕಾಣುತ್ತಿತ್ತು. ಅದಕ್ಕೇ ಅವನು ಬುಡದಲ್ಲಿ ನಿಂತು, ಸೊಂಟಕ್ಕೆ ಮಚ್ಚು ಸಿಕ್ಕಿಸಿ, ಕಾಲಿಗೆ ಹಗ್ಗದ ಬಳೆ ತೊಟ್ಟು, ಅಂಗೈಗೆ ಉಗುಳಿಕೊಂಡು, ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ: "ಮರ ಹತ್ತೀನಿ ಕನ್ರವ್ವೋ!"

ಆ ಕೂಗಿಗೆ ಹಿತ್ತಲು ಹಿತ್ತಲಿನಲ್ಲೂ ಗಡಿಬಿಡಿ. ಮೀಯುತ್ತಿದ್ದವರು ಚೊಂಬು ಬಿಟ್ಟು ಸೀರೆ ಎಳೆದುಕೊಳ್ಳುವರು, ಇನ್ನೂ ಸೀಗೆ ತಲೆಯಲ್ಲಿದ್ದವರು, "ತಡೀಲಾ, ಇನ್ನೊಸಿ ತಡಿ!" ಎಂದು ಒಳಗಿಂದಲೇ ಕೂಗುವರು. ಅವನು ತಡೆಯುತ್ತಿದ್ದ. ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುತ್ತಿದ್ದ. ಎಲ್ಲ ಕಡೆಯಿಂದ ಹೂಂ ಎಂದಮೇಲೆ ಹತ್ತುವುದು. ಒಮ್ಮೆ ಹೊರಗಿನಿಂದ ಬಂದ ಹೊಸಬನೊಬ್ಬ ಕೂಗದೆ ಹತ್ತಿಬಿಟ್ಟ. ನಮ್ಮ ಇದೇ ದೊಡ್ಡವ್ವ, ಆಗಿನ್ನೂ ಮೂವತ್ತು ತುಂಬದವಳು, ಬಚ್ಚಲಿನಿಂದ ಬಿಸಿನೀರಿನ ಚೊಂಬು ಬೀಸಿದಳು. ಅದು ಮರಕ್ಕೆ ತಾಗಿ ನೆಗ್ಗಿತು. ಅವನು ಅರ್ಧ ಮರದಲ್ಲಿ ನಡುಗುತ್ತ ಕೂತ. ಕೆಳಗೆ ಇಳಿದಮೇಲೆ ಯಜಮಾನರು ಸೇರಿ ನ್ಯಾಯ ಮಾಡಿದರು: ಕಿತ್ತ ಕಾಯಿಗೆ ಕೂಲಿ ಇಲ್ಲ, ಚೊಂಬಿನ ನೆಗ್ಗು ತೆಗೆಸಿಕೊಡಬೇಕು. ಆ ಚೊಂಬು ಇಂದಿಗೂ ಅವಳ ಬಳಿ ಇದೆ, ನೆಗ್ಗು ಪೂರ್ತಿ ಹೋಗಿಲ್ಲ.

ಹೆಂಚು ಕೈಯಾಡಿಸುವವನದೂ ಇದೇ ಕಟ್ಟಳೆ. ಮುಂಗಾರಿಗೆ ಮುಂಚೆ ಸೂರಿನ ಮೇಲೆ ಹತ್ತಿ, "ಒಲೆ ಮೇಲಿಂದ ಮುಚ್ಕಳ್ರವ್ವ, ದೂಳು ಬಿದ್ದದು" ಎಂದು ಹೇಳಿಯೇ ಹೆಂಚು ಎತ್ತುವುದು. ಎತ್ತಿದಮೇಲೆ ಅಡುಗೆಮನೆಯೊಳಗೆ ಬಗ್ಗಿ ನೋಡದೆ ಇರುತ್ತಿರಲಿಲ್ಲ. ನೋಡಿದವನು ಸುಮ್ಮನಿರುತ್ತಲೂ ಇರಲಿಲ್ಲ. "ಉಪ್ಪೆಸರಾ ಇವತ್ತು? ಹುರುಳಿಕಾಳಾ?" ಎಂದು ಆಕಾಶವಾಣಿ ಆಗುತ್ತಿತ್ತು. ಹಾಗೆ ಕೇಳಿದಮೇಲೆ ಒಂದು ಮುದ್ದೆ ಅವನಿಗೂ ಇಡಲೇಬೇಕು.

ಇಷ್ಟನ್ನೆಲ್ಲ ನಾನು ಚಾಮರಾಜನಗರದಲ್ಲಿ ವಕೀಲಿ ಮಾಡುವ ನನ್ನ ಅಕ್ಕನ ಮಗನಿಗೆ ಹೇಳಿ, ಏನಪ್ಪಾ, ಒಂದು ಕೇಸು ಹಾಕಬಹುದೇ ಎಂದೆ. ಅವನು ಟವೆಲ್ಲಿನ ವಿಡಿಯೋವನ್ನು ಇನ್ನೊಮ್ಮೆ ನೋಡಿ ನಗು ತಡೆದುಕೊಂಡು, "ಮಾವ, ಮನೆ ನಿಮ್ದು. ಮೇಲಿನ ಆಕಾಶ ನಿಮ್ದು ಅಂತ ಯಾರು ಹೇಳಿದ್ರು?" ಎಂದ. ನನಗೆ ರೇಗಿತು. ಮನೆಗೆ ಬಂದು ಟ್ರಂಕಿನಿಂದ ತಾತನ ಕಾಲದ ಕ್ರಯಪತ್ರ ತೆಗೆದೆ. ಮಡಿಕೆಯಲ್ಲೆಲ್ಲ ಹರಿದು, ಗೆದ್ದಲು ಒಂದು ಮೂಲೆಯನ್ನು ಓದಿ ಮುಗಿಸಿದ್ದ ಕಾಗದ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯವೆಲ್ಲ ನಮ್ಮದೇ ಎಂದು ಬರೆದಿದೆ. ಶಾಸನಗಳ ಕಾಲದಿಂದ ಜಮೀನು ದಾನ ಕೊಡುವಾಗ, ಮಾರುವಾಗ ಬರೆಯುತ್ತ ಬಂದ ಮಾತು. ಓದುತ್ತ ಹೋದಾಗ ಎದೆ ಉಬ್ಬಿತು. ಹೂತಿಟ್ಟ ಹೊನ್ನು ನಮ್ಮದು, ಬಾವಿಯ ನೀರು ನಮ್ಮದು, ಬಂಡೆ ನಮ್ಮದು, ಈಗ ಬರುವ ಫಲ ನಮ್ಮದು, ಮುಂದೆ ಬರಬಹುದಾದ್ದೂ ನಮ್ಮದು. ಆಮೇಲೆ ಗಮನಿಸಿದೆ, ಎಂಟೂ ಭೋಗಗಳು ನೆಲದ ಮೇಲಿನವು ಇಲ್ಲವೆ ಕೆಳಗಿನವು. ಚಕ್ಕುಬಂದಿ ನೋಡಿದರೆ ಮೂಡಲಿಗೆ ಇಂಥವರ ಹಿತ್ತಲು, ಪಡುವಲಿಗೆ ಓಣಿ, ಬಡಗಲಿಗೆ ಹೀಗೆ, ತೆಂಕಲಿಗೆ ಹಾಗೆ. ಮೇಲಕ್ಕೆ ಯಾರ ಸ್ವತ್ತೆಂದು ಪತ್ರ ಬರೆದವನು ಬರೆದೇ ಇಲ್ಲ. ಆ ಪುಣ್ಯಾತ್ಮನಿಗೆ ಮೇಲಿನಿಂದ ಮಳೆ ಬಿಟ್ಟು ಬೇರೇನು ಬಂದೀತೆಂದು ಹೊಳೆಯುವುದಕ್ಕೆ ಕಾರಣವಾದರೂ ಏನಿತ್ತು?

ಅಳಿಯನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಮುಂದಿನ ಭಾನುವಾರ ಊರಿಗೇ ಬಂದು, ಎಲೆ ಮುಂದೆ ಕೂತು, ಒಂದೊಂದೇ ತುತ್ತಿನ ನಡುವೆ ಕಾನೂನು ಹೇಳಿದ. ಅಮೆರಿಕದಲ್ಲಿ ಒಬ್ಬ ಕೋಳಿ ಸಾಕಣೆಯವನಿದ್ದನಂತೆ, ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊ ಬಳಿ. ಎರಡನೆಯ ಮಹಾಯುದ್ಧದ ಕಾಲ. ಮಿಲಿಟರಿ ವಿಮಾನಗಳು ಅವನ ಜಮೀನಿನ ಮೇಲೆ 83 ಅಡಿಯಷ್ಟು ಕೆಳಗೆ ಹಾರುತ್ತ ಇಳಿಯುತ್ತಿದ್ದವು. ಕೋಳಿಗಳು ಬೆದರಿ ಗೋಡೆಗೆ ನುಗ್ಗಿ ನುಗ್ಗಿ ಸತ್ತವು, ಒಟ್ಟು 150ರಷ್ಟು. ಅವನು ಸರ್ಕಾರದ ಮೇಲೆ ದಾವೆ ಹೂಡಿದ. 1946ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಭೂಮಿ ಕೊಂಡವನಿಗೆ ಸ್ವರ್ಗದವರೆಗೂ ಆಕಾಶ ಸೇರಿದ್ದು ಎನ್ನುವ ಹಳೆಯ ಮಾತಿಗೆ ಈ ಕಾಲದಲ್ಲಿ ಜಾಗವಿಲ್ಲ, ಆದರೆ ಮನೆಗೆ ತಾಗಿಕೊಂಡಿರುವಷ್ಟು ಗಾಳಿ ಮನೆಯವನದೇ, ಅದು ಇಲ್ಲದೆ ಅವನು ಮರ ನೆಡುವುದು, ಗೋಡೆ ಎಬ್ಬಿಸುವುದು ಹೇಗೆ ಎಂದಿತು. ನಾನು ಹಿಗ್ಗಿದೆ. "ಮಾವ, ಅವನದು ಕೋಳಿ ಸತ್ತಿದ್ವು. ನಿಮ್ದೇನು ಸತ್ತದೆ?" ಎಂದ ಅಳಿಯ. ನನ್ನ ಮಾನ ಎನ್ನಬೇಕೆಂದಿದ್ದೆ. ಹೆಂಡತಿ ಸಾರು ಬಡಿಸುತ್ತ ನಿಂತಿದ್ದಳು, ಸುಮ್ಮನಾದೆ.

ಇನ್ನೊಬ್ಬನ ಕಥೆ ಇದಕ್ಕಿಂತ ಸೊಗಸು. ಇಂಗ್ಲೆಂಡಿನಲ್ಲಿ ಲಾರ್ಡ್ ಬರ್ನ್‌ಸ್ಟೀನ್ ಎಂಬ ಧಣಿಯ ತೋಟದ ಮನೆಯನ್ನು 1970ರ ದಶಕದಲ್ಲಿ ಒಂದು ಕಂಪನಿಯವರು ವಿಮಾನದಿಂದ ಫೋಟೋ ತೆಗೆದು, ಕೊಳ್ಳುತ್ತೀರಾ ಎಂದು ಅವನಿಗೇ ಮಾರಲು ತಂದರು. ಅವನು ಸಿಟ್ಟಾಗಿ ಕೋರ್ಟಿಗೆ ಹೋದ, ಸೋತ. ದಿನದಿನವೂ ಬೆನ್ನು ಹತ್ತಿ ಫೋಟೋ ತೆಗೆದರೆ ಅದು ಬೇರೆ ಮಾತು, ಒಮ್ಮೆ ಹಾದುಹೋದವನನ್ನು ಅತಿಕ್ರಮಣ ಎನ್ನಲಾಗದು ಎಂದರು ನ್ಯಾಯಾಧೀಶರು. ಈ ಧಣಿ ಯಾರೆಂದರೆ ಗ್ರಾನಡಾ ಎನ್ನುವ ದೊಡ್ಡ ಟೆಲಿವಿಷನ್ ಕಂಪನಿ ಕಟ್ಟಿದವನು. ಲೋಕದ ಮನೆಮನೆಯನ್ನೂ ಕ್ಯಾಮೆರಾದಲ್ಲಿ ತೋರಿಸಿ ದುಡ್ಡು ಮಾಡಿದವನಿಗೆ ತನ್ನ ಮನೆಯ ಒಂದು ಫೋಟೋ ತಡೆಯಲಿಲ್ಲ. ಇದನ್ನು ಕೇಳಿ ನನಗೆ ಒಂದಷ್ಟು ಸಮಾಧಾನವಾಯಿತು; ಯಾಕೋ ಹೇಳಲಾರೆ.

ನಮ್ಮ ದೇಶದ ಕಾನೂನಿಗೆ ಬಂದರೆ, 1934ರ ವಿಮಾನ ಕಾಯ್ದೆಯಲ್ಲೇ, ಗಾಳಿ ಹವೆ ನೋಡಿಕೊಂಡು ತಕ್ಕಷ್ಟು ಎತ್ತರದಲ್ಲಿ ಹಾರಿದರೆ, ಬರೀ ಹಾರಿತು ಎನ್ನುವ ಕಾರಣಕ್ಕೆ ಮನೆಯವನು ದಾವೆ ಹೂಡುವಂತಿಲ್ಲ ಎಂದು ಬರೆದಿದ್ದರಂತೆ. ತಕ್ಕಷ್ಟು ಎಂದರೆ ಎಷ್ಟು ಎಂದೆ. "ಅದ್ಕೇ ಅಲ್ವಾ ಮಾವ ನಾವು ವಕೀಲರು ಇರೋದು" ಎಂದ. ಆದರೆ ಅದಕ್ಕೂ ಹಳೆಯದೊಂದಿದೆ, 1882ರ ಅನುಭೋಗದ ಹಕ್ಕುಗಳ ಕಾಯ್ದೆ. ಅದರ 18ನೇ ಕಲಮಿನ ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಂದು ಊರಿನಲ್ಲಿ, ನೆರೆಮನೆಯ ಮರ್ಯಾದೆಯ ಜಾಗ ಕಾಣುವ ಹಾಗೆ ಹೊಸ ಕಿಟಕಿ ಇಡಬಾರದೆಂಬ ವಾಡಿಕೆ ಇದ್ದರೆ, ಆ ವಾಡಿಕೆಯೇ ಕಾನೂನು. ಅಲ್ಲಿ ಮನೆ ಕಟ್ಟಿದವನಿಗೆ ಪಕ್ಕದವನ ಕಿಟಕಿ ತಡೆಯುವ ಹಕ್ಕು ತಾನಾಗಿ ಬರುತ್ತದೆ, ಪಕ್ಕದವನಿಗೂ ಅಷ್ಟೇ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಹೆಂಗಸರ ಅಂಗಳಕ್ಕೆ ಕಣ್ಣು ಬೀಳುವ ಹಾಗೆ ಇಟ್ಟ ಕಿಟಕಿಯ ವಿಷಯದಲ್ಲಿ ಇದೇ ವಾಡಿಕೆಯನ್ನು ಎತ್ತಿಹಿಡಿಯಿತು. ಕೇಳುತ್ತ ಕೇಳುತ್ತ ನನಗೆ ನಮ್ಮ ಕಾಯಿ ಕೀಳುವವನ ಕೂಗು ಕಿವಿಯಲ್ಲಿ ಕೇಳಿಸಿತು. ಅವನು ಯಾವ ಕಲಮನ್ನೂ ಓದಿರಲಿಲ್ಲ. ಹೆಬ್ಬೆಟ್ಟು. ಆದರೂ ಬ್ರಿಟಿಷರು ಕಿಟಕಿಗೆ ಬರೆದದ್ದನ್ನು ಅವನು ತೆಂಗಿನಮರಕ್ಕೆ ಹೊಂದಿಸಿಕೊಂಡಿದ್ದ.

ಡ್ರೋನಿಗೆ ಹೊಂದಿಸುವವರು ಬೇಕಿತ್ತು. ಹೊಂದಿಸಿಯೂ ಇದ್ದರು ಎನ್ನುತ್ತಾನೆ ಅಳಿಯ. 2018ರ ಆಗಸ್ಟಿನಲ್ಲಿ ವಿಮಾನಯಾನದವರು ಮಾಡಿದ ಮೊದಲ ಕಟ್ಟಳೆಯಲ್ಲಿ, ಯಾರ ಖಾಸಗಿತನಕ್ಕೂ ಧಕ್ಕೆಯಾಗದ ಹಾಗೆ ನೋಡಿಕೊಳ್ಳುವ ಹೊಣೆ ಹಾರಿಸುವವನದೇ ಎಂದಿತ್ತು. 2021ರ ಮಾರ್ಚಿನ ನಿಯಮದಲ್ಲೂ ಆ ಮಾತು ಉಳಿದಿತ್ತು. ಅದೇ ವರ್ಷ ಆಗಸ್ಟ್ 25ರಂದು ಹೊಸ ಡ್ರೋನ್ ನಿಯಮಗಳು ಬಂದವು. ಉದ್ಯಮಕ್ಕೆ ಅನುಕೂಲವಾಗಲೆಂದು 25 ಫಾರಂಗಳನ್ನು 5ಕ್ಕೆ ಇಳಿಸಿದರು, 72 ಬಗೆಯ ಶುಲ್ಕವನ್ನು 4ಕ್ಕೆ ತಂದರು. ಮನೆ ಖಾಲಿ ಮಾಡುವಾಗ ಹಳೇ ಸಾಮಾನಿನ ಜೊತೆ ಅಜ್ಜಿಯ ಅಡಕೊತ್ತೂ ಗುಜರಿಗೆ ಹೋದಂತೆ, ಆ ಖಾಸಗಿತನದ ಮಾತೂ ಹೋಯಿತು. ಈಗ ಹಸಿರು ವಲಯ ಎಂದು ಗುರುತಿಸಿದ ಕಡೆ 400 ಅಡಿಯವರೆಗೆ ಹಾರಿಸಲು ಯಾರ ಅಪ್ಪಣೆಯೂ ಬೇಡ. 250 ಗ್ರಾಂ ಒಳಗಿನದಾದರೆ ಹಾರಿಸುವವನಿಗೆ ಲೈಸೆನ್ಸೂ ಬೇಡ. ಶಿಷ್ಯನ ಯಂತ್ರ 249 ಗ್ರಾಂ ಅಂತೆ. ಕಂಪನಿಯವರು ಆ ಒಂದು ಗ್ರಾಮನ್ನು ಬೇಕೆಂದೇ ಬಿಟ್ಟಿದ್ದಾರೆ. ನಮ್ಮೂರಿನ ಶೆಟ್ಟರೂ ತೂಕದಲ್ಲಿ ಇಷ್ಟು ಜಾಣತನ ತೋರಿಸಿದವರಲ್ಲ.

ಇಲ್ಲಿ ನನಗೆ ಪುಟ್ಟಸ್ವಾಮಿಯವರ ನೆನಪಾಗುತ್ತದೆ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲಿ ಜಡ್ಜರಾಗಿದ್ದವರು, ಓದಿದ್ದು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಹುಟ್ಟಿದ್ದು 1926ರಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದದ್ದು 2012ರಲ್ಲಿ. 86ನೇ ವಯಸ್ಸಿನಲ್ಲಿ ನಾವೆಲ್ಲ ಮೊಮ್ಮಕ್ಕಳ ಮೇಲೆ ದೂರು ಹೇಳಿಕೊಂಡು ಕೂತಿದ್ದರೆ ಹೆಚ್ಚು, ಈ ಮುದುಕರು ಭಾರತ ಸರ್ಕಾರದ ಮೇಲೆ ದೂರು ಹೇಳಲು ಹೊರಟರು. 2017ರ ಆಗಸ್ಟ್ 24ರಂದು ಒಂಬತ್ತು ಜನ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ತೀರ್ಪಿಗೂ ಖಾಸಗಿತನವನ್ನು ಮರೆತ ಆ ಡ್ರೋನ್ ನಿಯಮಕ್ಕೂ ನಡುವೆ ನಾಲ್ಕು ವರ್ಷ, ಒಂದು ದಿನ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ತಾರಸಿಯ ಮೇಲೆ ಎಂದಾದರೂ ಡ್ರೋನ್ ಬಂದಿತ್ತೋ ಏನೋ.

ಹಾಗಾದರೆ ನಾನು ಮಾಡಬಹುದಾದ್ದೇನು? ಹೆಂಗಸರು ಮೀಯುವುದು, ಬಟ್ಟೆ ಬದಲಿಸುವುದನ್ನು ಕದ್ದು ಚಿತ್ರ ತೆಗೆದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿದೆ, ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಪೊಲೀಸರಿಗೆ 112ಕ್ಕೆ ಫೋನು ಮಾಡಬಹುದು. ಎಣ್ಣೆ ಮೆತ್ತಿಕೊಂಡ ಗಂಡಸರಿಗೆ ಆ ಕಲಮಿನಲ್ಲಿ ಜಾಗವಿಲ್ಲ. ಪದೇ ಪದೇ ಬಂದು ಕಾಟ ಕೊಟ್ಟರೆ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಮೊಮ್ಮಗ ಚಾಟರಬಿಲ್ಲು ತಂದು, "ತಾತ, ಹೊಡ್ದು ಬೀಳ್ಸುಮಾ?" ಎಂದ. ಜೋಳದ ಹೊಲದಲ್ಲಿ ಗಿಣಿ ಓಡಿಸಲು ಕವಣೆ ಬೀಸಿದ ಕೈ ನನ್ನದು, ಗುರಿ ತಪ್ಪಲಾರದು. ಅಳಿಯ ಗಾಬರಿಯಾದ. ಹೊಡೆದು ಬೀಳಿಸಿದರೆ ಪರರ ಸ್ವತ್ತು ಹಾಳುಮಾಡಿದ ಕೇಸು ನಮ್ಮ ಮೇಲೇ ಆಗುತ್ತದಂತೆ. ಬಿದ್ದದ್ದು ಯಾರ ತಲೆಯ ಮೇಲಾದರೂ ಬಿದ್ದರೆ ಅದೊಂದು ಬೇರೆ. ಅಂದು ನನ್ನ ಕವಣೆಯಿಂದ ಗಿಣಿಗೆ ಸಿಗದ ರಕ್ಷಣೆ ಇದಕ್ಕೆ.

ಗುಂಡ್ಲುಪೇಟೆ ಕಡೆ ನನ್ನ ಒಬ್ಬ ಗೆಳೆಯನಿದ್ದಾನೆ. ಅವನ ಹೊಲ ಊಟಿ ರಸ್ತೆಯ ಬದಿಗೇ. ಮಳೆಗಾಲದ ಶುರುವಿನಲ್ಲಿ ಸೂರ್ಯಕಾಂತಿ ಅರಳಿತೆಂದರೆ ಮೈಸೂರಿನವರು, ಕೇರಳದವರು ಕಾರು ನಿಲ್ಲಿಸಿ ಹೊಲಕ್ಕೆ ಇಳಿಯುತ್ತಾರೆ, ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ತುಳಿದದ್ದಕ್ಕೆ ಪರಿಹಾರವೆಂದು ಅವನು ತಲೆಗಿಷ್ಟು ಎಂದು ವಸೂಲಿ ಮಾಡುತ್ತಾನೆ. ಎಣ್ಣೆಕಾಳಿಗಿಂತ ಅದರಲ್ಲೇ ಗಿಟ್ಟುತ್ತದೆ ಎನ್ನುತ್ತಾನೆ. ಈಗೀಗ ಕಾರಿನವರು ಬದುವಿನಲ್ಲೇ ನಿಂತು ಡ್ರೋನ್ ಬಿಡುತ್ತಾರಂತೆ. ಒಂದು ಗಿಡವೂ ಬಗ್ಗುವುದಿಲ್ಲ, ಒಂದು ರೂಪಾಯಿಯೂ ಬರುವುದಿಲ್ಲ. "ನೆಲದ ಮ್ಯಾಲೆ ಬಂದವ್ರ ತಾವ ಕಾಸ್ ಕೇಳ್ತೀನಿ ಕಲಾ, ಗಾಳೀಲಿ ಬಂದದ್ದರ ತಾವ ಯಾರ್ನ ಕೇಳ್ಲಿ?" ಎಂದು ನನ್ನನ್ನೇ ಕೇಳಿದ. ಅವನಿಗೆ ಆಕಾಶದ ಒಡೆತನದ ಪ್ರಶ್ನೆ ನನಗಿಂತ ಸ್ಪಷ್ಟವಾಗಿದೆ.

ಅದೇ ಗೆಳೆಯ 2019ರ ಅಕ್ಟೋಬರಿನಲ್ಲಿ ಡ್ರೋನನ್ನು ಹೊಗಳಿದ್ದನ್ನೂ ನಾನು ಕೇಳಿದ್ದೇನೆ. ಚೌಡಹಳ್ಳಿಯ ಸುತ್ತ ರೈತರನ್ನು ಕೊಂದ ಹುಲಿಯನ್ನು ಹುಡುಕಲು ಅರಣ್ಯದವರು ಸಾಕಾನೆಗಳ ಜೊತೆಗೆ ಡ್ರೋನನ್ನೂ ತಂದಿದ್ದರು. ಆಗ ಮನೆಯ ಮೇಲೆ ಸದ್ದಾದರೆ ಜನ ಹೊರಗೆ ಬಂದು ಇನ್ನೊಂದು ಸುತ್ತು ಹೊಡೆಯಲಿ ಎಂದು ಕೈ ಬೀಸುತ್ತಿದ್ದರಂತೆ. ಹುಲಿಗೆ ಖಾಸಗಿತನ ಇದೆಯೇ ಎಂದು ಯಾರೂ ಕೇಳಲಿಲ್ಲ, ಕೇಳುವ ಹೊತ್ತೂ ಅದಲ್ಲ.

ಸರ್ಕಾರದ ಡ್ರೋನುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ಸ್ವಾಮಿತ್ವ ಯೋಜನೆಯದು. 2020ರ ಏಪ್ರಿಲ್ 24ರಂದು ಶುರುವಾದದ್ದು. ಹಳ್ಳಿಗಳ ಗ್ರಾಮಠಾಣಾ ಒಳಗಿನ ಮನೆಗಳಿಗೆ ನಕ್ಷೆಯೇ ಇಲ್ಲವಲ್ಲ, ಅದನ್ನು ಸರ್ವೆ ಆಫ್ ಇಂಡಿಯಾದವರು ಆಕಾಶದಿಂದ ಅಳೆದು ಆಸ್ತಿ ಕಾರ್ಡು ಕೊಡುವುದು. ನೆಂಟರ ಊರೊಂದರಲ್ಲಿ ಈ ಅಳತೆ ನಡೆಯುವ ಹೊತ್ತಿಗೆ ನಾನು ಹೋಗಿದ್ದೆ. ಗ್ರಾಮಸಭೆ ಕರೆದು ಹೇಳಿ, ಮೊದಲೇ ತಿಳಿಸಿ, ಮನೆಮನೆಯ ಸುತ್ತ ಸುಣ್ಣದ ಪುಡಿಯಿಂದ ಗೆರೆ ಎಳೆಸಿದ್ದರು. ಆ ಗೆರೆ ಎಳೆಯುವಾಗ ನೋಡಬೇಕಿತ್ತು. ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ಅಣ್ಣತಮ್ಮಂದಿರು ಒಂದೇ ಗೆರೆಯ ಎರಡು ಕಡೆ ಕುಕ್ಕರುಗಾಲಲ್ಲಿ ಕೂತು, ಸುಣ್ಣವನ್ನು ಬೆರಳಿನಿಂದ ಗೇಣರ್ಧ ಆಚೆ, ಗೇಣರ್ಧ ಈಚೆ ತಳ್ಳುತ್ತ, ಒಂದು ಮಾತೂ ಆಡದೆ ಬೆವರುತ್ತಿದ್ದರು. ಯಂತ್ರ ಬಂದಾಗ ಇಬ್ಬರೂ ತಲೆಯೆತ್ತಿ ನೋಡಿದರು. ನನ್ನ ಗೆರೆಯನ್ನೇ ನೋಡಪ್ಪ ಎನ್ನುವ ಬೇಡಿಕೆ ಎರಡು ಮುಖದಲ್ಲೂ.

ಈ ಮಧ್ಯೆ ಮಳೆ ಬಂತು. ನಮ್ಮ ಮನೆಯ ಹಿಂದಿನರ್ಧ ಮೋಲ್ಡು, ಮುಂದಿನರ್ಧ ಹಳೆಯ ಹೆಂಚಿನದು. ಆ ಹೆಂಚಿನ ನಡುಮನೆ ವರ್ಷಗಳಿಂದ ಸೋರುತ್ತಿದೆ. ಎಲ್ಲಿಂದ ಎಂದು ಪತ್ತೆಯಾಗಿಲ್ಲ. ನೀರು ಒಂದು ಕಡೆ ಒಳಗೆ ಬಂದು, ತೊಲೆ ಹಿಡಿದು ನಡೆದು, ತನಗೆ ಬೇಕಾದ ಕಡೆ ತೊಟ್ಟಿಕ್ಕುತ್ತದೆ. ಹೆಂಚು ಕೈಯಾಡಿಸುವವನು ಈಗಿಲ್ಲ, ಅವನ ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕಿದ್ದಾನೆ. ತೊಟ್ಟಿಕ್ಕುವ ಕಡೆಗೆ ದೊಡ್ಡವ್ವನ ನೆಗ್ಗಿದ ಚೊಂಬು ಇಟ್ಟು, ಬೇಸರ ಕಳೆಯಲೆಂದು ಆ ಗೃಹಪ್ರವೇಶದ ವಿಡಿಯೋವನ್ನೇ ಮತ್ತೆ ಹಾಕಿದೆವು. ನಾನು ಕೈ ಮುಗಿಯುವುದಕ್ಕೂ ಮುಂಚೆ ಯಂತ್ರ ನಮ್ಮ ಸೂರಿನ ಮೇಲೆ ಹಾದುಹೋಗುತ್ತದೆ. ಹೆಂಡತಿ, "ಅಲ್ಲೇ ನಿಲ್ಸಿ!" ಎಂದು ಕೂಗಿದಳು. ಬೆರಳಿನಿಂದ ಹಿಗ್ಗಿಸಿದೆವು. ಹುಟ್ಟಿ ಬೆಳೆದ ಮನೆಯ ನೆತ್ತಿಯನ್ನು ನಾನು ನೋಡಿದ್ದು ಅದೇ ಮೊದಲು. ಪಾಚಿ ಹಿಡಿದ ಹೆಂಚಿನ ಸಾಲು, ಕಾಗೆ ತಂದು ಹಾಕಿದ ಎಲುಬು, ಮೊಮ್ಮಗ ಕಳೆದುಹೋಯಿತೆಂದು ಅತ್ತಿದ್ದ ಪ್ಲಾಸ್ಟಿಕ್ ಚೆಂಡು, ಯಾರದೋ ಒಂದು ಕಾಲಿನ ಚಪ್ಪಲಿ. ಕೂಟದ ಹತ್ತಿರ, ಕೋಳು ಹೆಂಚಿನ ಪಕ್ಕ, ಎರಡು ಹೆಂಚು ಸೀಳಿ ಬಾಯಿ ಬಿಟ್ಟಿದ್ದವು. ನಾವು ಏಣಿ ಹಾಕಿ ತಡಕಿದ್ದೆಲ್ಲ ಇನ್ನೊಂದು ಇಳಿಜಾರಿನಲ್ಲಿ.

ನನ್ನ ಕೇಸು ಅಲ್ಲಿಗೆ ಬಹುಪಾಲು ಬಿದ್ದುಹೋಯಿತು. ಆದರೂ ಪಟ್ಟು ಪೂರ್ತಿ ಬಿಡಲು ಮನಸ್ಸಿಲ್ಲದೆ ಶಿಷ್ಯನನ್ನು ಕರೆಸಿದೆ. ಅವನು ಬಾಗಿಲಲ್ಲೇ ನಿಂತು, "ಟವಲ್ಲಿಂದು ಡಿಲೀಟ್ ಮಾಡ್ದಿ ಸಾ" ಎಂದ. ಅದು ಬೇಡ, ಊರೆಲ್ಲ ನೋಡಿಯಾಗಿದೆ. ಇನ್ನು ಮುಂದೆ ಹಾರಿಸುವ ಮುಂಚೆ ಕೂಗು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕಾಯಿ ಕೀಳುವವನ ಕಥೆಯನ್ನು, ಚೊಂಬಿನ ಸಮೇತ ಹೇಳಿದೆ. ಅವನು ಗಂಭೀರವಾಗಿ ಕೇಳಿದ. ನನ್ನ ತರಗತಿಯಲ್ಲಿ ಅವನು ಅಷ್ಟು ಗಮನ ಕೊಟ್ಟದ್ದು ನನಗೆ ನೆನಪಿಲ್ಲ.

ಮುಂದಿನ ಮದುವೆಗೆ ಅವನು ಮಾತು ಉಳಿಸಿಕೊಂಡ, ಅಗತ್ಯಕ್ಕಿಂತ ಹೆಚ್ಚಾಗಿಯೇ. ಬೆಳಿಗ್ಗೆ ದೇವಸ್ಥಾನದ ಮೈಕಿನಲ್ಲಿ, "ಮಹಾಜನಗಳಲ್ಲಿ ವಿನಂತಿ, ಹನ್ನೊಂದು ಗಂಟೆಗೆ ಸರಿಯಾಗಿ ನಮ್ಮ ಡ್ರೋನು ಊರಿನ ಮೇಲೆ ಬರುತ್ತದೆ, ಮೀಯುವವರು, ಒಗೆಯುವವರು ದಯಮಾಡಿ ಸಹಕರಿಸಬೇಕು" ಎಂದು ಮೂರು ಸಲ ಕೂಗಿಸಿದ. ಹತ್ತೂವರೆಯ ಹೊತ್ತಿಗೆ ಊರಿನಲ್ಲಿ ಒಬ್ಬರೂ ನೆಲದ ಮೇಲಿರಲಿಲ್ಲ. ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮಕ್ಕಳಿಗೆ ಪೌಡರು ಬಳಿದು, ಎಲ್ಲರೂ ತಾರಸಿಗಳ ಮೇಲೆ. ಏಣಿ ಹತ್ತಲಾರದ ದೊಡ್ಡವ್ವನನ್ನು ಮೊಮ್ಮಕ್ಕಳು ಕುರ್ಚಿಯಲ್ಲಿ ಕೂರಿಸಿ ಅಂಗಳದ ನಟ್ಟನಡುವೆ ಇಟ್ಟಿದ್ದರು. ಯಂತ್ರ ಬಂದಾಗ ಅವಳು, "ಉಂಡ್ಯಾ ಕೂಸು?" ಎಂದು ಕೇಳಿದಳಂತೆ. ನಾನು ಹೊಸ ಟವೆಲ್ಲು ಕೊಂಡಿದ್ದೆ. ಹೆಂಡತಿ ಬೇಡವೆಂದದ್ದರಿಂದ ಬಿಳಿ ಶರಟು ಹಾಕಿದೆ.

ವಿಡಿಯೋದಲ್ಲಿ ಮದುವೆಯ ಚಪ್ಪರ ಒಂದು ಮೂಲೆಯಲ್ಲಿ ಕಾಣುತ್ತದೆ. ಮಿಕ್ಕಿದ್ದೆಲ್ಲ ಕೈ ಬೀಸುವ ನಮ್ಮ ಜನ. ಹೆಣ್ಣಿನ ಅಪ್ಪ ರೇಗಿದ್ದಾನೆ, ಧಾರೆಯ ಹೊತ್ತಿನಲ್ಲಿ ಚಪ್ಪರದಲ್ಲಿ ಪುರೋಹಿತರು ಬಿಟ್ಟರೆ ಯಾರೂ ಇರಲಿಲ್ಲವಂತೆ. ಮೊನ್ನೆ ಶಿಷ್ಯ ಬಂದು ಜಗಲಿಯಲ್ಲಿ ಕೂತ. "ಎಡಿಟ್ ಮಾಡಾಕ ಆಯ್ತಿಲ್ಲ ಸಾ. ಯಾರ್ನ ಕತ್ತರಿಸ್ಲಿ? ಒಂದ್ ಮನೆಯವ್ರ ತಗದ್ರ ಅವ್ರು ಜಗಳಕ್ಕ ಬತ್ತಾರ. ಎಲ್ಲಾರ್ನೂ ಇಟ್ರ ಹೆಣ್ಣಿನ್ ಕಡೆಯವ್ರು ದುಡ್ ಕೊಡಲ್ಲ ಅಂತಾರ." ಸ್ವಲ್ಪ ಹೊತ್ತು ಸುಮ್ಮನಿದ್ದು, ಕೂಗು ಎಂದವರು ನಾನೇ ಆದ್ದರಿಂದ ಆ ಬಾಕಿಯ ಅರ್ಧವನ್ನಾದರೂ ನಾನು ಕೊಡುವುದು ನ್ಯಾಯ ಎಂದು ಸೂಚಿಸಿದ. ಅಳಿಯನಿಗೆ ಫೋನು ಮಾಡಿದ್ದೇನೆ. ಇದಕ್ಕೆ ಯಾವ ಕಲಮು ಬರುತ್ತದೆಂದು ನೋಡಿ ಹೇಳುತ್ತಾನಂತೆ.